ಗಾಜಿನೊಳಗಿನ ಹಳೇ ಪತ್ರಿಕೆ

ಹಾಲ್ಸ್‌ವಿಕ್, ಸಫೋಕ್
ಮಂಗಳವಾರ, ೧೭ ಮೇ ೧೯೯೪

ಪ್ರೀತಿಯ ಲೋರ್ನಾ,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿಗೆ ಮೇ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಮೂರು ಸಲ ಬರೆದು ಹರಿದೆ. ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕೆಟಲ್ ಇಡುತ್ತೇನೆ, ಚಹಾ ಮಾಡುವುದನ್ನು ಮರೆಯುತ್ತೇನೆ, ಮತ್ತೆ ಇಡುತ್ತೇನೆ.

ವಿಷಯ ಇಷ್ಟು. ಶನಿವಾರ ನಾನು ನಾಲ್ಕು ಜನರೆದುರು ಬಾಯಿ ಬಿಡಬೇಕಾಗಿದೆ. ಅದಕ್ಕೂ ಮೊದಲು ನಿನ್ನೆದುರು ಬಿಡಬೇಕು. ಅಪ್ಪನನ್ನು ಮಣ್ಣು ಮಾಡಿದ ಮೇಲೆ ಹದಿನಾರು ವರ್ಷ ನೀನು ನನ್ನ ಮನೆಗೆ ಬಂದಿಲ್ಲ. ಯಾಕೆಂದು ನಾನು ಕೇಳಿಲ್ಲ, ನನಗೆ ಗೊತ್ತು. ಈ ಪತ್ರ ಓದಿದ ಮೇಲಾದರೂ ಬರುತ್ತೀಯೋ ಇಲ್ಲವೋ ಎಂಬುದೇ ನನ್ನ ಚಡಪಡಿಕೆ.

ಹುಲ್ಲುಗಾವಲಿನಲ್ಲಿ ಕುರಿಗಳು ಮಲಗುತ್ತಿದ್ದ ಕಾಂಕ್ರೀಟ್ ಕಟ್ಟಡ ನೆನಪಿದೆಯಾ? ಚಿಕ್ಕವಳಿದ್ದಾಗ ಅಲ್ಲಿ ಆಡಲು ಹೋಗಿ ನನ್ನಿಂದ ಏಟು ತಿಂದಿದ್ದೆ. ಅದೀಗ ಮ್ಯೂಸಿಯಂ. ಪರ್ಸಿ ಸ್ನೆಲಿಂಗ್ ಎಂಬ ನಿವೃತ್ತ ಎಲೆಕ್ಟ್ರಿಷಿಯನ್, ಯುದ್ಧ ನಡೆಯುವಾಗ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದವನು, ಕುರಿ ಹಿಕ್ಕೆ ಬಳಿದು, ಹಳೇ ರಡಾರ್ ಯಂತ್ರಗಳನ್ನು ಗುಜರಿಯಿಂದ ಹೊತ್ತು ತಂದು ಜೋಡಿಸಿದ್ದಾನೆ. ಎರಡು ವರ್ಷದಿಂದ ನಾನು ವಾರಕ್ಕೆರಡು ದಿನ ಅಲ್ಲಿ ಬಂದವರಿಗೆ ಚಹಾ, ಬನ್ನು ಕೊಟ್ಟು, ಹಳೇ ಕಾಗದಪತ್ರ ಇಟ್ಟ ಪೆಟ್ಟಿಗೆಗಳ ಗಾಜು ಒರೆಸುತ್ತೇನೆ.

ಕಳೆದ ಗುರುವಾರ ಅವನು ಬಟ್ಟೆ ಅಂಗಡಿಯ ಗೊಂಬೆಯೊಂದಕ್ಕೆ ವಾಯುಪಡೆಯ ಸಮವಸ್ತ್ರ ತೊಡಿಸಿ, ಯಂತ್ರದ ಮುಂದೆ ಕೂರಿಸಿ, ಹೇಗಿದೆ ಎಂದು ಕೇಳಿದ. ಗೊಂಬೆಯ ಹಣೆ ಪರದೆಯ ಮಟ್ಟಕ್ಕೇ ಬಂದಿರಲಿಲ್ಲ. ನನ್ನನ್ನು ಕೇಳದೇ ನನ್ನ ಬಾಯಿ ಹೇಳಿಬಿಟ್ಟಿತು.

"ಎರಡು ದಿಂಬು ಇಡಪ್ಪಾ, ಇಲ್ದಿದ್ರೆ ಕತ್ತು ಬಿದ್ದೋಗುತ್ತೆ. ಒಂದು ಗಂಟೆ ಆದ್ಮೇಲೆ ಕಣ್ಣು ಸುಳ್ಳು ಹೇಳೋಕೆ ಶುರು ಮಾಡುತ್ತೆ, ಆಗ ಇನ್ನೊಬ್ಬಳು ಕೂರ್ಬೇಕು."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಏನ್ರೀ ಹೆಸ್ಟರ್, ಯುದ್ಧದಲ್ಲಿ ಅಡುಗೆಮನೇಲಿದ್ದೆ ಅಂದಿದ್ರಲ್ಲ?"

"ಯಾರಿಗೂ ಹೇಳಲ್ಲ ಅಂತ ಸಹಿ ಹಾಕಿದ್ದೆ ಕಣಯ್ಯಾ."

"ಅಯ್ಯೋ ನಿಮ್ಮ! ಎರಡು ವರ್ಷ ಆ ಗಾಜು ಒರೆಸ್ತಿದ್ದೀರಲ್ಲ, ಒಳಗೇನಿದೆ ಅಂತ ಒಂದಿನಾನೂ ಓದಿಲ್ವಾ?"

ಓದಿರಲಿಲ್ಲ. ಒಳಗೆ ಕಣ್ಣು ಹಾಕುವುದೂ ತಪ್ಪೆಂದು ಬರೀ ಗಾಜು ಒರೆಸುತ್ತಿದ್ದೆ. ಅವತ್ತು ಕನ್ನಡಕ ಹಾಕಿ ನೋಡಿದೆ. ೧೯೪೫ರ ಆಗಸ್ಟ್ ತಿಂಗಳ ಪತ್ರಿಕೆ. ರಡಾರ್ ಎಂದರೇನು, ಕಡಲಂಚಿನ ಗೋಪುರಗಳು ಏನು ಮಾಡುತ್ತಿದ್ದವು, ಎಲ್ಲ ಅಚ್ಚಾಗಿದೆ. ಆ ಪತ್ರಿಕೆ ನಮ್ಮ ಮನೆಗೂ ಬಂದಿರಬೇಕು. ನಾನು ನಿನ್ನ ಬಟ್ಟೆ ಒಗೆಯುತ್ತಿದ್ದಿರಬೇಕು.

ಸಹಿ ಹಾಕಿಸಿಕೊಂಡವರು ಯಾರೂ ಬಂದು, ಇನ್ನು ಹೇಳಬಹುದು ಎನ್ನಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ಆಮೇಲೆ ನಿನ್ನಪ್ಪ ಮೂವತ್ತಮೂರು ವರ್ಷ ಬದುಕಿದ್ದರು, ಲೋರ್ನಾ. ದಿನವೂ ನನ್ನೆದುರು ಕೂತು ಊಟ ಮಾಡಿದರು. ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬರುತ್ತಿದೆಯೆಂದರೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ನಲವತ್ತೆರಡರ ನವೆಂಬರಿನಲ್ಲಿ ಅವರು ಹಡಗಿನಿಂದ ನಾಲ್ಕು ದಿನದ ರಜೆಗೆ ಬಂದಿದ್ದರು. ಮಧ್ಯಾಹ್ನಗಳಲ್ಲಿ ನಾನು ಮನೆಯಲ್ಲಿರಲಿಲ್ಲ. "ನಿನ್ನ ಹೆಂಡ್ತೀನ ಒಂದು ಕಾರು ಬಂದು ಕರ್ಕೊಂಡು ಹೋಗುತ್ತಪ್ಪ, ಎಲ್ಲಿಗೋ ಯಾರಿಗ್ಗೊತ್ತು," ಎಂದು ಬಾಡಿಗೆ ಮನೆಯೊಡತಿ ಅವರ ಕಿವಿಗೆ ಹಾಕಿದಳು. ಅವರು ಕೇಳಿದಾಗ ಅಡುಗೆ ಕೆಲಸ ಎಂದೆ. ಅಡುಗೆಯವಳಿಗೆ ಕಾರು ಕಳಿಸುವವರು ಯಾರು? ಮುಂದಿನ ಆಗಸ್ಟಿನಲ್ಲಿ ನೀನು ಹುಟ್ಟಿದೆ. ಅವರು ಬೆರಳು ಮಡಿಸಿ ತಿಂಗಳು ಲೆಕ್ಕ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ.

ಆ ಮಧ್ಯಾಹ್ನಗಳಲ್ಲಿ ನಾನು ವಾಯುಪಡೆಯ ಕಾರಿನಲ್ಲಿ ಹೋಗಿ, ಈಗ ಮ್ಯೂಸಿಯಂ ಆಗಿರುವ ಅದೇ ಕಟ್ಟಡದ ಕಿಟಕಿಯಿಲ್ಲದ ಕೋಣೆಯಲ್ಲಿ, ರಡಾರ್ ಪರದೆಯ ಹಸಿರು ಗೆರೆಯ ಮುಂದೆ ಕೂತು, ಸಮುದ್ರದ ಮೇಲಿಂದ ಬರುವ ವಿಮಾನ ಎಷ್ಟು ದೂರದಲ್ಲಿದೆಯೆಂದು ಕೂಗಿ ಹೇಳುತ್ತಿದ್ದೆ. ಅಲ್ಲಿದ್ದ ಒಬ್ಬನೇ ಗಂಡಸು ಐವತ್ತು ದಾಟಿದ ಅಧಿಕಾರಿ. ಅವನ ಬಾಯಿಯ ಈರುಳ್ಳಿ ವಾಸನೆಗೆ ನಾವು ಹುಡುಗಿಯರು ಉಸಿರು ಹಿಡಿದು ಕೂರುತ್ತಿದ್ದೆವು.

ಶನಿವಾರ ಹನ್ನೊಂದಕ್ಕೆ ಮ್ಯೂಸಿಯಂನಲ್ಲಿ ನಾನು ಇದನ್ನೆಲ್ಲ ಹೇಳುವಾಗ ಸ್ನೆಲಿಂಗ್ ಟೇಪ್ ರೆಕಾರ್ಡರ್ ಇಡುತ್ತಾನಂತೆ. "ಗಂಟ್ಲು ಒಣಗಿದ್ರೆ ಚಹಾ ನಾನೇ ಮಾಡ್ಕೊಡ್ತೀನಿ, ನಿಮ್ಮಷ್ಟು ಕೆಟ್ಟದಾಗೇನೂ ಮಾಡಲ್ಲ," ಎಂದು ಛೇಡಿಸಿದ. ನೀನು ಮುಂದಿನ ಕುರ್ಚಿಯಲ್ಲಿ ಕೂತರೆ ಹೇಳಿಯೇನು. ಇಪ್ಸ್‌ವಿಚ್‌ನಿಂದ ಒಂಬತ್ತೂವರೆಗೆ ಬಸ್ಸಿದೆ.

ದೇವರು ನಿನಗೂ ಮಕ್ಕಳಿಗೂ ಒಳ್ಳೆಯದು ಮಾಡಲಿ. ನಿನ್ನ ಮನೆಯಲ್ಲಿ ಮಾತಿಗೆ ಬರ ಬಾರದಿರಲಿ.

ನಿನ್ನ ಅಮ್ಮ,
ಹೆಸ್ಟರ್ ಗ್ಯಾರಡ್

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಕೈ ಬರಲಿಲ್ಲ. ನಿನಗೆ ಹದಿನೈದಾಗಿದ್ದಾಗ ಅಪ್ಪನ ಜೊತೆ ಜಗಳವಾಡಿ ಅಡುಗೆಮನೆಗೆ ಬಂದು, "ಅಮ್ಮಾ, ನಾನು ಅಪ್ಪನ ಮಗಳು ತಾನೇ?" ಎಂದು ಕೇಳಿದ್ದೆ. ಹೌದೆಂದರೆ, ಹಾಗಾದರೆ ಆ ಮಧ್ಯಾಹ್ನಗಳಲ್ಲಿ ಎಲ್ಲಿದ್ದೆ ಎಂದು ಕೇಳುತ್ತೀಯೆಂದು ಹೆದರಿ, ಆಲೂಗಡ್ಡೆ ಸುಲಿಯುತ್ತಲೇ ಇದ್ದೆ. ನೀನು ಸ್ವಲ್ಪ ಹೊತ್ತು ಕಾದು ಹೋದೆ. ಹೌದು ಮಗಳೇ, ನೀನು ಅವರ ಮಗಳು. ಅಷ್ಟನ್ನು ಅವತ್ತೇ ಹೇಳಬಹುದಿತ್ತು. ಅದು ಸರ್ಕಾರದ ಗುಟ್ಟಾಗಿರಲಿಲ್ಲ.