ಗೂಟದಲ್ಲೇ ಉಳಿದ ಏಳನೆಯ ನಿಲುವಂಗಿ

ತಂಗಿ ಐಲ್ಸಿಗೆ, ವಾಷಿಂಗ್ಟನ್ನಿನಿಂದ ನಿನ್ನ ಅಣ್ಣ ಬರೆಯುವುದು. ಕಾಗದ ಅಂಗೈಯಷ್ಟೇ ಇದೆ. ನಾವು ಗೆದ್ದೆವು. ನಮ್ಮ ಚೆರೋಕೀ ಜನರ ನೆಲದಲ್ಲಿ ಜಾರ್ಜಿಯಾದ ಬಿಳಿಯರ ಕಾನೂನು ನಡೆಯದು ಎಂದು ಇಲ್ಲಿಯ ದೊಡ್ಡ ನ್ಯಾಯಾಲಯ ಹೇಳಿತು. ನಿನ್ನ ಮನೆ, ಪೀಚ್ ಮರಗಳು ನಿನ್ನವೇ.

ಆದರೆ ಆ ಕೋಣೆ ನನಗೆ ಹಿಡಿಸಲಿಲ್ಲ. ಕಿಟಕಿಗಳೆಲ್ಲ ನ್ಯಾಯಾಧೀಶರ ಬೆನ್ನ ಹಿಂದೆ. ಹಾಡುಹಗಲಲ್ಲೂ ಮುಖಗಳಿರುವಲ್ಲಿ ಬರೀ ಕತ್ತಲು. ಗೋಡೆಯ ಗೂಟಗಳಿಂದ ಕಪ್ಪು ನಿಲುವಂಗಿ ತೆಗೆದು ತೊಟ್ಟು ಆರು ಜನ ಕುಳಿತರು. ಏಳನೆಯ ಕುರ್ಚಿ ಖಾಲಿ. ಏಳನೆಯ ಅಂಗಿ ಗೂಟದಲ್ಲೇ ಇತ್ತು, ಒಳಗೆ ಯಾರೋ ಉಸಿರಾಡುತ್ತಿರುವಂತೆ ಅಲುಗುತ್ತಿತ್ತು. ನಮ್ಮ ಏಳು ಕುಲಗಳಲ್ಲಿ ಒಂದು ಬಾರದಿದ್ದರೂ ಸಭೆಯಲ್ಲಿ ಮಾತೇ ಶುರುವಾಗುವುದಿಲ್ಲವಲ್ಲ.

ಹೊರಗೆ ಬಂದು ಬಾಗಿಲು ಕಾಯುವವನನ್ನು ಏಳನೆಯವರು ಎಲ್ಲಿ ಎಂದು ದುಭಾಷಿಯ ಮೂಲಕ ಕೇಳಿದೆ.

"ಅವ್ರಿಗೆ ಹುಷಾರಿಲ್ಲ ತಾತ, ಆರು ಜನ ಸಾಕು. ಯಾಕೆ, ಅಂಗೀದೂ ಸಹಿ ಬೇಕಿತ್ತಾ?" ಎಂದು ನಕ್ಕ.

"ಸರಿ ಕಣಪ್ಪ, ಈ ತೀರ್ಪನ್ನ ಜಾರ್ಜಿಯಾಕ್ಕೆ ಯಾರು ಹೊತ್ಕೊಂಡು ಹೋಗ್ತಾರೆ? ಅವ್ರು ಕೇಳ್ದಿದ್ರೆ ಕೇಳೋ ಹಾಗೆ ಮಾಡೋರು ಯಾರು?"

ಅವನ ನಗು ನಿಂತಿತು. "ಇಲ್ಲಿ ತೀರ್ಪು ಓದೋದಷ್ಟೇ ತಾತ," ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡ.

ನನ್ನ ಕೆಮ್ಮು ಇಳಿದಿದೆ, ಚಿಂತಿಸಬೇಡ. ನೀನು ಜೋಳ ಬಿತ್ತಿಬಿಡು. ಟಪಾಲಿನವನು ಅವಸರ ಮಾಡುತ್ತಿದ್ದಾನೆ, ಇಷ್ಟು ಕೇಳು: ನಮ್ಮ ನೆಲ ಅಳೆದು ಹಂಚಲು ಜಾರ್ಜಿಯಾದವರು ಅಳತೆಯ ಸರಪಳಿ ಹಿಡಿದು ಅಂಗಳಕ್ಕೆ ಬಂದರೆ ಈ ಕಾಗದ ತೋರಿಸು. ನಮ್ಮ ಚೆರೋಕೀ ಅಕ್ಷರ ಅವರಿಗೆ ಓದಲು ಬಾರದು, ಗೊತ್ತು. ಆದರೂ ತೋರಿಸು.

ನಿನ್ನ ಅಣ್ಣ,
ಸುವಾಟಿ