ಕುದಿಸಿದ ತಂಬುಳಿ

ಛತ್ರಪತಿ ಸಂಭಾಜಿನಗರ
೧೨ ಡಿಸೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಬೀಗತಿ ಮನೋರಮಾ ಅವರಿಗೆ,

ಅನಸೂಯಳ ನಮಸ್ಕಾರ, ಮೊದಲು ನಿಮ್ಮ ಮುರಿದ ಕಾಲಿಗೆ, ಆಮೇಲೆ ನಿಮಗೆ. ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನ್ ಮಾಡಿದರೆ ನಿಮ್ಮ ಯಜಮಾನರು ಜಯಕರ ಅವರು ಅದನ್ನು ಹೋಟೆಲಿನ ಗಲ್ಲಾದ ಮೇಲೆ ಸ್ಪೀಕರಿಗೆ ಹಾಕಿ ಇಡುತ್ತಾರೆ. ನಮ್ಮಿಬ್ಬರ ಮಾತನ್ನು ನಾಶಿಕದ ಪಂಚವಟಿಯಲ್ಲಿ ಇಡ್ಲಿ ತಿನ್ನುವವರೆಲ್ಲ ಕೇಳಬೇಕೇ? ಅದಕ್ಕೇ ನನ್ನ ಮಗ, ನಿಮ್ಮ ಅಳಿಯ ಉತ್ಕರ್ಷನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಒಂಬತ್ತು ತುಂಬುವ ಹೊತ್ತಿಗೇ ನೀವು ತೊಳೆದ ಅಡಿಗೆಮನೆಯಲ್ಲಿ ಜಾರಿ ಬಿದ್ದಿರಿ, ಅಶ್ವಿತಾಳ ಬಾಣಂತನ ನನ್ನ ಪಾಲಿಗೆ ಬಂತು. ನನಗೆ ಹೆಣ್ಣುಮಕ್ಕಳಿಲ್ಲ, ಈ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ ಅಂದುಕೊಂಡಿದ್ದೆ. ವಿಜಯಪುರದ ನಮ್ಮವ್ವ ನನಗೆ ಮಾಡಿದ್ದನ್ನೆಲ್ಲ ನೆನಪಿಸಿಕೊಂಡು ಅಂಟಿನುಂಡಿ ಕಟ್ಟಿದೆ, ಬೆಳ್ಳುಳ್ಳಿ ಸಾರು ಕುದಿಸಿದೆ. ಆದರೆ ನಿಮ್ಮ ಮಗಳು ಎರಡು ತುತ್ತು ತಿಂದು, ನಕ್ಕಂತೆ ಮಾಡಿ, ಸಾಕು ಅತ್ತೆ ಅನ್ನುತ್ತಿದ್ದಳು. ನಿಮಗೆ ಫೋನಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತಾಳೆ ಎಂದು ಹೇಳಿದೆನಲ್ಲ, ಅದು ಸುಳ್ಳು. ಹಸುಗೂಸಿನ ತಾಯಿ ಹೀಗೆ ಒಣಗಿದರೆ ಬೀಗತಿಗೆ ಯಾವ ಮುಖ ತೋರಿಸಲಿ ಎಂದು ನನ್ನ ಜೀವ ಹಿಡಿಯಷ್ಟಾಗಿತ್ತು.

ಅಷ್ಟರಲ್ಲಿ ಉತ್ಕರ್ಷ ನಿಮ್ಮಲ್ಲಿಂದ ಒದ್ದೆ ಪೇಪರಿನಲ್ಲಿ ಸುತ್ತಿದ ದೊಡ್ಡಪತ್ರೆಯನ್ನು ಕಡ್ಡಿ ಸಮೇತ ತಂದ. ದಪ್ಪ ಎಲೆ, ಮೈಮೇಲೆ ಮೆತ್ತನೆಯ ನವಿರು, ಅಂಚಿಗೆ ಸಣ್ಣ ಹಲ್ಲು. ಮುರಿದರೆ ಚಟಕ್ಕನೆ ಮುರಿದು ಮೂಗಿಗೆ ಘಮ್ಮೆಂದು ಹೊಡೆಯಿತು. ಹೇಗೆ ಮಾಡುವುದು ಎಂದು ಕೇಳಿದರೆ ಮಹಾರಾಯ ಹೇಳಿದ್ದು ಇಷ್ಟೇ: "ಅರದು ಮಜ್ಜಿಗ್ಯಾಗ ಹಾಕಿ ತಂಬುಳಿ ಮಾಡ್ಬೇಕಂತ." ಗಂಡಸರ ಕೈಯಲ್ಲಿ ಅಡಿಗೆಯ ಮಾತು ಕಳಿಸಿದರೆ ಮುಗಿಯಿತು!

ನಮ್ಮಲ್ಲಿ ಬಾಣಂತಿಗೆ ತಣ್ಣೀರು ಸಹ ಮುಟ್ಟಿಸುವುದಿಲ್ಲ, ತಣ್ಣನೆಯ ಮಜ್ಜಿಗೆ ಕೊಡುತ್ತೇನೆಯೇ? ಕುದಿಸಬೇಕು ಎನ್ನುವುದನ್ನು ಇವನೇ ಮರೆತಿದ್ದಾನೆ ಎಂದುಕೊಂಡು, ಅರೆದು ಕಲೆಸಿ ಒಲೆಯ ಮೇಲಿಟ್ಟು ಚೆನ್ನಾಗಿ ಕುದಿಸಿದೆ. ಶಿವಶಿವಾ! ಹಸಿರು ನೀರು ಒಂದು ಕಡೆ, ಒಡೆದ ಮಜ್ಜಿಗೆ ಇನ್ನೊಂದು ಕಡೆ. ನಮ್ಮನೆಯವರು ಇಣುಕಿ ನೋಡಿ, "ಏನಿದು, ಗ್ವಾಡಿಗೆ ಹಚ್ಚೂ ಬಣ್ಣೇನು?" ಅಂದರು. "ನೀವು ಸುಮ್ಮ ಹೊರಗ ಕೂಡ್ರಿ" ಎಂದು ಅವರನ್ನು ಗದರಿಸಿ, ಅದನ್ನೇ ಬಟ್ಟಲಿಗೆ ಹಾಕಿ ಸೊಸೆಯ ಮುಂದಿಟ್ಟೆ.

ಅವಳು ಬಟ್ಟಲು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ನಗತೊಡಗಿದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅತ್ತೆ, ತಂಬುಳಿ ಕುದಿಸ್ಲಿಕ್ಕೆ ಉಂಟಾ ಮಾರಾಯ್ರೇ!" ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಕೂಸು ಹುಟ್ಟಿದ ಮೇಲೆ ಆ ಹುಡುಗಿ ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ನಾನೂ ನಕ್ಕುಬಿಟ್ಟೆ.

ನಗುನಗುತ್ತಲೇ ಕಣ್ಣೀರು ಹಾಕಿದಳು, ಆಗ ಒಳಗಿದ್ದದ್ದು ಹೊರಗೆ ಬಂತು. "ಅಮ್ಮ ಬಾಣಂತಿಗೆ ಮಜ್ಜಿಗೆ ಹಾಕುದಿಲ್ಲ, ತುಪ್ಪದಲ್ಲಿ ಬಾಡಿಸಿ ಚಟ್ನಿ ಮಾಡ್ತಾರೆ. ಅದೇ ಬೇಕು ಅಂತ ಹೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ." ಹುಚ್ಚು ಹುಡುಗಿ! ನೀವು ಚಟ್ನಿ ಎಂದದ್ದು ಉತ್ಕರ್ಷನ ಬಾಯಲ್ಲಿ ತಂಬುಳಿಯಾಗಿತ್ತು. ಬಾಣಂತಿ ಅಡಿಗೆಮನೆಗೆ ಬರಬಾರದಲ್ಲ, ಅದಕ್ಕೆ ಹೊಸ್ತಿಲಾಚೆ ಕುರ್ಚಿ ಹಾಕಿ ಕೂರಿಸಿದೆ. ಅವಳು ಅಲ್ಲಿಂದ ಹೇಳಿದಳು, ನಾನು ಮಾಡಿದೆ. ತುಪ್ಪದಲ್ಲಿ ಜೀರಿಗೆ, ಮೆಣಸಿನ ಕಾಳು, ಎಲೆ ಬಾಡಿಸಿ ಕಾಯಿತುರಿಯ ಜೊತೆ ಅರೆಯುವಾಗ ಇದು ನಮ್ಮ ಅಜವಾನದ ವಾಸನೆಯೇ ಎಂದು ಹೊಳೆಯಿತು. ಬಾಣಂತಿಗೆ ಉಂಡದ್ದು ಅರಗಲಿ ಎಂದು ನಾವು ಕಾಳು ಕೊಡುತ್ತೇವೆ, ನೀವು ಎಲೆ ಕೊಡುತ್ತೀರಿ. ಬಿಸಿ ಅನ್ನಕ್ಕೆ ಕಲಸಿಕೊಂಡು ತಿಂದಳು, ಮತ್ತೆ ಅನ್ನ ಕೇಳಿದಳು. ನಾನು ತುಪ್ಪ ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಈಗ ನಿಮ್ಮ ಕಡ್ಡಿಗಳು ನಮ್ಮ ಗ್ಯಾಲರಿಯ ಕುಂಡದಲ್ಲಿ ಚಿಗುರಿವೆ. ಪಕ್ಕದ ಮನೆಯ ವಸುಧಾತಾಯಿ ನೋಡಿ, "ಅರೆ, ಓವ್ಯಾಚಂ ಪಾನ!" ಎಂದು ಮರಾಠಿಯಲ್ಲಿ ಅಜವಾನದೆಲೆಯ ಹೆಸರು ಹೇಳಿ ನಾಲ್ಕು ಎಲೆ ಕಿತ್ತುಕೊಂಡು ಹೋಗಿ ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿದು ತಂದರು. ಕೂಸಿಗೂ ರಸ ನೆಕ್ಕಿಸಿ ಎಂದರು. ನಾನು ಡಾಕ್ಟರನ್ನು ಕೇಳಿದೆ, ಬೇಡವೇ ಬೇಡ ಅಂದರು, ಬಿಟ್ಟೆ. ನಮ್ಮನೆಯವರು ಗಂಟಲು ಕೆರೆದಾಗ ಎಲೆಗೆ ಉಪ್ಪು ಹಚ್ಚಿ ಅಗಿಯುತ್ತಾರೆ, ಕೆಮ್ಮು ಇಳಿದಿದೆ. ಗೊರಕೆ ಇಳಿಸುವ ಗುಣ ಮಾತ್ರ ಅದಕ್ಕಿಲ್ಲ.

ಇನ್ನು ಮುಖ್ಯ ಮಾತು. ಪ್ಲಾಸ್ಟರ್ ಬಿಚ್ಚಿದ ಕೂಡಲೇ ತಾಯಿ ಮಗುವನ್ನು ಕರೆಸಿಕೊಳ್ಳಲು ಕಾರು ಕಳಿಸುತ್ತೇನೆ ಎಂದಿದ್ದೀರಿ. ನಾಶಿಕದಲ್ಲಿ ಈಗ ಕೊರೆಯುವ ಚಳಿ, ಹೊಳೆದಂಡೆಯ ಮನೆ, ಕೆಳಗೆ ಹೋಟೆಲಿನ ಹೊಗೆ, ದಾರಿಯೂ ದೂರ. ಅದಕ್ಕಿಂತ ಆ ಕಾರಿನಲ್ಲಿ ನೀವೇ ಇಲ್ಲಿಗೆ ಬನ್ನಿ. ಒಂದು ಬಾಣಂತನದ ಜೊತೆ ಇನ್ನೊಂದು ಮಾಡುವುದು ನನಗೇನೂ ಭಾರವಲ್ಲ.

ಉತ್ತರವನ್ನು ಉತ್ಕರ್ಷನ ಬಾಯಲ್ಲಿ ಹೇಳಿ ಕಳಿಸಬೇಡಿ, ಬರೆದೇ ಕಳಿಸಿ.

ನಿಮ್ಮ ಬೀಗತಿ,
ಅನಸೂಯ

ತಾ.ಕ.: ಮೇಲೆ ಬರೆದ ಚಳಿ, ಹೊಗೆ, ದಾರಿ ಎಲ್ಲ ನೆವ. ನಿನ್ನೆ ಅಶ್ವಿತಾ ಒಳಗಿನಿಂದ ಅತ್ತೆ ಅನ್ನುವ ಬದಲು "ಅಮ್ಮಾ" ಎಂದು ಕೂಗಿದಳು. ಅವಳಿಗೆ ಗೊತ್ತೇ ಆಗಲಿಲ್ಲ. ನಾನು ಮಾತ್ರ ಸೌಟು ಹಿಡಿದು ನಿಂತಲ್ಲೇ ನಿಂತೆ, ಆಮೇಲೆ "ಓ" ಅಂದೆ. ಇನ್ನೂ ನಾಲ್ಕು ಸಲ ಅದನ್ನು ಕೇಳುವ ಆಸೆ. ಹೊಟ್ಟೆಕಿಚ್ಚು ಪಡಬೇಡಿ ಮನೋರಮಾ ಅವರೇ, ಬನ್ನಿ. ಅವಳು ಅಮ್ಮಾ ಎಂದಾಗ ಇಬ್ಬರೂ ಓ ಅನ್ನೋಣ.