ಒಮ್ಮೆಲೇ ಹಾಕಿದ ಉಪ್ಪು

ಧಾರವಾಡ, ಗುರುವಾರ

ಅವ್ವನಿಗೆ ಮಹಾನಂದಾಳ ನಮಸ್ಕಾರ.

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಪತ್ರ.

ಮೊನ್ನೆ ಲ್ಯಾಬಿನಲ್ಲಿ ಕಿಡ್ನಿಯ ಜೀವಕೋಶಗಳಿಗೆ ಒಮ್ಮೆಲೇ ಉಪ್ಪು ಹೆಚ್ಚಿಸಿದೆ. ಸುಕ್ಕಿ ಸತ್ತವು. "ಸಾವಕಾಶ ಹಾಕಬೇಕವಾ, ಅವಕ್ಕೂ ಟೈಮ್ ಬೇಕಲಾ" ಅಂದರು ಮೇಡಂ. ಒಂದು ದಿನ ಸಿಕ್ಕರೆ ಜೀವಕೋಶ ತನ್ನ ಹೊರಪದರದಲ್ಲಿ ಸಾಗಣೆಯ ಪ್ರೋಟೀನುಗಳನ್ನು ಕೂಡಿಸಿಕೊಂಡು, ನೀರು ಹಿಡಿದಿಡುವ ವಸ್ತುಗಳನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಅದೇ ಉಪ್ಪಿನಲ್ಲಿ ಬದುಕುತ್ತದೆ.

ಸುನಿತಾ ವೈನಿ ಅಣ್ಣನನ್ನು ಮದುವೆಯಾಗಿ ಬಂದ ಮರುದಿನವೇ ಹದಿನಾಲ್ಕು ಮಂದಿಯ ರೊಟ್ಟಿ ಬಡಿಯುವುದನ್ನು ನೀನು ಅವಳೊಬ್ಬಳ ಮೇಲೆ ಹೊರಿಸಿದೆ. ಎಂಟನೇ ದಿನ ಅವಳು ದುಮ್ಮವಾಡದ ತವರಿಗೆ ಹೋದಳು.

ಭಾನುವಾರ ಅವಳನ್ನು ಕರೆತರಲು ಹೋಗುತ್ತೇನೆ, ನೀನೂ ಬಾ. ಹೊಸ ಸೊಸೆಯಾಗಿದ್ದಾಗ ನೀನೂ ಹೀಗೇ ತವರಿಗೆ ಹೋಗಿದ್ದೆಯಂತೆ. ಕರೆಯಲು ಯಾರೂ ಬರಲಿಲ್ಲವಂತೆ. ನಿನ್ನ ತವರಿನ ಅಜ್ಜಿಯೇ ಹೇಳಿದಳು.

ನಿನ್ನ ಮಗಳು,
ಮಹಾನಂದಾ